ನಮ್ಮ ಮನೆಯ ವಾಸನೆ

ನಮ್ಮ ಊರಿನ ಸಿನಿಮಾಗಳಿಗೆ ವಾಸನೆಯುಂಟು. ಚಿತ್ರ ತೆಗೆಯುವಾಗ ಕ್ಯಾಮೆರಾದ ಮುಂದೆ ಎಂಥ ಗಾಳಿಯಿತ್ತೋ ಅದೇ ಗಾಳಿ ಟಾಕೀಸಿನ ಪರದೆಯಿಂದ ಹೊರಗೆ ಬರುತ್ತದೆ. ಬೇರೆ ಊರುಗಳಲ್ಲಿ ಹಾಗಿಲ್ಲವಂತೆ. ಅಲ್ಲಿಂದ ಬಂದ ನೆಂಟರು ಮದುವೆಯೂಟದ ದೃಶ್ಯ ಬಂದ ಕೂಡಲೇ ಕೈತೊಳೆಯಲು ಎದ್ದು ನಿಂತು ನಗೆಪಾಟಲಾಗುತ್ತಾರೆ. ನಮಗೆಲ್ಲ ಇದು ರೂಢಿಯಾಗಿಹೋಗಿದೆ. ಹೊಡೆದಾಟಕ್ಕೆ ಮುಂಚೆ ಹೀರೋ ಕಂಕುಳಿಗೆ ಡಬ್ಬಿಗಟ್ಟಲೆ ಪೌಡರು ಸುರಿದುಕೊಳ್ಳುತ್ತಾನೆ. ದೇವರ ಚಿತ್ರಗಳಿಗೆ ಮುದುಕಿಯರು ಕರ್ಪೂರದ ವಾಸನೆಗೆಂದೇ ಹೋಗಿ, ಆರತಿ ಮುಗಿದ ತಕ್ಷಣ ಎದ್ದು ಬರುತ್ತಾರೆ. ನೆಗಡಿಯಾದವರಿಗೆ ಅರ್ಧ ಟಿಕೆಟ್ಟು. ಅರ್ಧ ಟಿಕೆಟ್ಟಿನ ಆಸೆಗೆ ಸುಳ್ಳುಸುಳ್ಳೇ ಸೀನುವ ಖದೀಮರೂ ಇದ್ದಾರೆ, ಅದಕ್ಕೇ ಗೇಟಿನವನು ಹುರಿದ ಕಡಲೆಕಾಯಿಯನ್ನು ಅವರ ಮೂಗಿನ ಹತ್ತಿರ ಹಿಡಿದು ಮುಖ ನೋಡುತ್ತಾನೆ.

ಇಂಥ ಊರಿನಲ್ಲಿ ಬಡವರ ಕೇರಿಗೆ ಕ್ಯಾಮೆರಾ ತರುವ ಧೈರ್ಯ ಯಾರಿಗಿರುತ್ತದೆ? ಚಿತ್ರಗಳಲ್ಲಿ ಬಡವರೇ ಇರುತ್ತಿರಲಿಲ್ಲ ಎನ್ನಲಾರೆ. ಸ್ಟುಡಿಯೋದೊಳಗೆ ಹೊಸ ತಗಡಿನ ಗುಡಿಸಲು ಹಾಕಿ, ಗಂಧದ ಸೋಪಿನಲ್ಲಿ ಮಿಂದ ತಾಯಿಯೊಬ್ಬಳನ್ನು ಅದರಲ್ಲಿ ಕೂರಿಸಿ ಕೆಮ್ಮಿಸುತ್ತಿದ್ದರು. ಮೊದಲ ಬಾರಿಗೆ ನಿಜವಾದ ಕೇರಿಗೆ ಕ್ಯಾಮೆರಾ ತಂದವಳು ನನ್ನ ಅಕ್ಕನ ಮಗಳು ಸೌಭಾಗ್ಯ. ಆ ಕೇರಿ ನಮ್ಮದೇ, ತಗ್ಗಿನಕೇರಿ.

ನನ್ನ ಹೆಸರು ಜವರಮ್ಮ. ಮೇಲಿನ ಬಡಾವಣೆಯ ಹೊಂಗೆಮರದ ಕೆಳಗೆ ನನ್ನ ಇಸ್ತ್ರಿ ಗಾಡಿಯಿದೆ. ಊರಿನ ದೊಡ್ಡವರ ಶರಟು, ಸೀರೆ, ಕರವಸ್ತ್ರ ಎಲ್ಲದರ ಸುಕ್ಕು ತೆಗೆಯುವವಳು ನಾನೇ. ಅಕ್ಕ ತೀರಿಕೊಂಡಾಗ ಸೌಭಾಗ್ಯ ಇನ್ನೂ ತೊದಲು ಮಾತಿನ ಕೂಸು. ಮಕ್ಕಳಿಲ್ಲದ ನಾನೂ ನನ್ನ ಗಂಡ ನಿಂಗರಾಜನೂ ಅವಳನ್ನು ನಮ್ಮ ಮಗಳೆಂದೇ ಸಾಕಿದೆವು. ಓದಿನಲ್ಲಿ ಚುರುಕಿದ್ದಳು. ಹಾಸ್ಟೆಲು ಸೇರಿದಳು, ಆಮೇಲೆ ಒಬ್ಬರಾದ ಮೇಲೊಬ್ಬರು ನಿರ್ದೇಶಕರ ಹತ್ತಿರ ಸಹಾಯಕಿಯಾಗಿ ದುಡಿದಳು, ಮೇಲಿನ ಬಡಾವಣೆಯಲ್ಲೇ ಒಂದು ರೂಮು ಮಾಡಿಕೊಂಡಳು. ಕೊನೆಗೆ ಯಾವ ನಿರ್ಮಾಪಕನ ಹಂಗೂ ಇಲ್ಲದೆ, ಗೆಳೆಯರ ಕ್ಯಾಮೆರಾ ಎರವಲು ತಂದು ತನ್ನ ಮೊದಲ ಚಿತ್ರ ಶುರುಮಾಡಿದಳು. ಅದಕ್ಕೆ ‘ಮೂರನೇ ನಲ್ಲಿ’ ಎಂದು ಹೆಸರಿಟ್ಟಳು. ಜ್ವರದ ಮಗುವನ್ನು ಮನೆಯಲ್ಲಿ ಮಲಗಿಸಿ ಬಂದು ನೀರಿಗಾಗಿ ಸರದಿಯಲ್ಲಿ ನಿಂತ ಹೆಂಗಸೊಬ್ಬಳ ಕಥೆ. ಆ ಹೆಂಗಸು ನಾನೇ, ಅವಳ ಮನೆ ನಮ್ಮ ಮನೆಯೇ ಆಗಬೇಕೆಂದು ಹಟ ಹಿಡಿದಳು.

“ನಂಗೆ ನಾಟ್ಕ ಆಡಕ್ಕೆ ಬರಲ್ಲ ಕಣೆ” ಅಂದೆ.

“ನಲ್ಲಿ ಹತ್ರ ನೀನು ಜಗಳ ಆಡೋದ ನೋಡಿದೀನಿ ಬಿಡು ಚಿಕ್ಕವ್ವ. ಅಷ್ಟಿದ್ರೆ ಸಾಕು” ಅಂದಳು.

ಶೂಟಿಂಗಿನ ಹಿಂದಿನ ದಿನ ಕೇರಿಗೆ ಕೇರಿಯೇ ನಮ್ಮ ಮನೆಯ ಮುಂದೆ ಸೇರಿತು. ಊರಿನವರೆಲ್ಲ ಟಾಕೀಸಿನಲ್ಲಿ ಕೂತು ನಮ್ಮ ಕೇರಿಯ ಗಾಳಿ ಕುಡಿಯುತ್ತಾರೆ, ಮಾನ ಉಳಿಸಿಕೊಳ್ಳಬೇಕು ಅನ್ನುವುದೊಂದೇ ಎಲ್ಲರ ಮಾತು. ಮುಂದಾಳು ಬೇರೆ ಯಾರು, ನಾನೇ. ಮೋರಿಯ ಮೇಲೆ ಚಪ್ಪಡಿ ಎಳೆಸಿ, ಸಂದುಗಳಿಗೆ ಮರಳು ತುಂಬಿಸಿದೆ. ಕಕ್ಕಸುಗಳಿಗೆ ಫಿನಾಯಿಲು ಸುರಿಸಿದೆ. ಓಣಿ ಗುಡಿಸಿ, ನೀರು ಹೊಡೆಸಿ, ರಂಗೋಲಿ ಹಾಕಿಸಿದೆ. ಬೆಳಗಾಗುತ್ತಲೇ ಬಾಗಿಲು ಬಾಗಿಲಿಗೂ ಸಾಂಬ್ರಾಣಿ ಹೊಗೆ. ಹೆಂಗಸರೆಲ್ಲ ತಲೆಗೆ ನೀರು ಹಾಕಿಕೊಂಡು ಮಲ್ಲಿಗೆ ಮುಡಿದರು. ನೀರಿಲ್ಲದವರ ಕಥೆಗೆ ನಾವು ಅವತ್ತು ಸುರಿದ ನೀರೇ ವಾರಕ್ಕಾಗುವಷ್ಟಿತ್ತು. ಚಿತ್ರದಲ್ಲಿ ಜ್ವರ ಬಂದು ಮಲಗಬೇಕಾದ ಮಗುವಿಗೂ ಅದರ ತಾಯಿ ಕತ್ತಿನ ತುಂಬ ಪೌಡರು ಬಳಿದು ಕಳಿಸಿದ್ದಳು.

ಸೌಭಾಗ್ಯ ಕ್ಯಾಮೆರಾದವರೊಂದಿಗೆ ಬಂದವಳು ಓಣಿಯ ಮೊದಲಲ್ಲೇ ನಿಂತುಬಿಟ್ಟಳು. ಇದೆಲ್ಲ ಏನು ಎಂದು ಬೈಯುತ್ತಾಳೇನೋ ಅಂದುಕೊಂಡೆ. ಬೈಯಲಿಲ್ಲ. ದೀರ್ಘವಾಗಿ ಒಂದು ಉಸಿರೆಳೆದುಕೊಂಡಳು, ಕಣ್ಣು ಒದ್ದೆಯಾಯಿತು. “ಇರ್ಲಿ ಬಿಡಿ, ಹಿಂಗೇ ತೆಗಿಯಣ” ಅಂದಳು. ನನ್ನ ಹೆಮ್ಮೆಗೆ ಅವತ್ತು ಎಣೆಯೇ ಇರಲಿಲ್ಲ.

ನಮ್ಮ ಊರಿನಲ್ಲಿ ಸಿನಿಮಾ ವಿಮರ್ಶಕರೆಂದರೆ ಬಲು ಗೌರವ. ಅವರು ಬೆಳ್ಳುಳ್ಳಿ ಮುಟ್ಟುವುದಿಲ್ಲ, ನಶ್ಯ ಹಾಕುವುದಿಲ್ಲ, ಚಳಿಗಾಲದಲ್ಲಿ ತಲೆಗೆ ಮಫ್ಲರ್ ಸುತ್ತದೆ ಹೊರಬೀಳುವುದಿಲ್ಲ. ಅವರ ಪೈಕಿ ಹಿರಿಯರು ವಾಮನಮೂರ್ತಿಗಳು. ಅವರು ಒಳ್ಳೆಯದೆಂದು ಬರೆದ ಚಿತ್ರಕ್ಕೆ ಜನ ಮುಗಿಬೀಳುತ್ತಾರೆ, ಅವರು ಮೂಗು ಮುರಿದರೆ ಆ ಚಿತ್ರದ ಕಥೆ ಮುಗಿದಂತೆಯೇ. ಸೌಭಾಗ್ಯಳ ಚಿತ್ರ ವಿಮರ್ಶಕರಿಗೆ ತೋರಿಸುವ ವಾರ ಅವರೆಲ್ಲರ ಮನೆಗಳಿಂದ ನನ್ನ ಗಾಡಿಗೆ ಕರವಸ್ತ್ರಗಳ ಗಂಟುಗಳೇ ಬಂದವು. “ತಗ್ಗಿನಕೇರಿ ಸಿನಿಮಾ ನೋಡೋದಿದೆಯಂತೆ ನಮ್ಮವರಿಗೆ. ಒಂದು ಸಾಲದು, ಜೋಡಿ ಇರಲಿ ಅಂದರು” ಎಂದು ವಾಮನಮೂರ್ತಿಗಳ ಹೆಂಡತಿಯೇ ಹೇಳಿಹೋದರು. ನಾನು ತಗ್ಗಿನಕೇರಿಯವಳೆಂದು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಬರ್ರಪ್ಪಾ ಬರ್ರಿ, ಇವೆಲ್ಲ ಮಡಿಕೆ ಬಿಚ್ಚದೆ ವಾಪಸು ಬರದಿದ್ದರೆ ಕೇಳಿ ಎಂದು ಮನಸ್ಸಿನಲ್ಲೇ ನಗುತ್ತಾ ತೀಡಿಕೊಟ್ಟೆ.

ಅವು ಮಡಿಕೆ ಬಿಚ್ಚದೆಯೇ ವಾಪಸು ಬಂದವು ಅನ್ನಿ. ಅವತ್ತು ಟಾಕೀಸಿನ ಹಿಂದಿನ ಸಾಲಿನಲ್ಲಿ ಕೇರಿಯ ಹೆಂಗಸರ ಜೊತೆ ಕೂತು ನಾನೇ ಕಣ್ಣಾರೆ ಕಂಡೆ. ಪರದೆಯಲ್ಲಿ ನಮ್ಮ ಓಣಿ ಬಂದದ್ದೇ ಮುಂದಿನ ಸಾಲಿನವರೆಲ್ಲ ಕರವಸ್ತ್ರ ಎತ್ತಿ ಮೂಗಿನ ಹತ್ತಿರ ತಯಾರಾಗಿ ಹಿಡಿದರು. ಬಂದದ್ದು ಸಾಂಬ್ರಾಣಿ. ಅದರ ಹಿಂದೆಯೇ ಮಲ್ಲಿಗೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬೊಬ್ಬರ ಕೈಯೂ ಕೆಳಗಿಳಿಯಿತು. ವಾಮನಮೂರ್ತಿಗಳು ಮಾತ್ರ ಕೊನೆಯ ತನಕ ಕತ್ತು ಮುಂದಕ್ಕೆ ಚಾಚಿ ಮೂಸುತ್ತಲೇ ಇದ್ದರು. ಮಗು ಸಾಯುವ ದೃಶ್ಯದಲ್ಲಿ ನಮ್ಮ ಹೆಂಗಸರು ಗೊಳೋ ಎಂದು ಅತ್ತರು, ಮುಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು.

ವಿಮರ್ಶೆಗಳನ್ನು ಗಾಡಿಯ ಹತ್ತಿರ ನಿಂತೇ ಓದಿದೆ. ‘ತಗ್ಗಿನಕೇರಿಯಲ್ಲಿ ದಿನವೂ ಹಬ್ಬವೇ?’ ಎಂದು ವಾಮನಮೂರ್ತಿಗಳು ಕೇಳಿದ್ದರು. ‘ಬಡತನವನ್ನು ತೋರಿಸಲು ಹೊರಟ ಹೊಸ ನಿರ್ದೇಶಕಿ ಅದಕ್ಕೆ ಎಣ್ಣೆ ನೀರು ಹಾಕಿ, ಹೂ ಮುಡಿಸಿ ಕರೆತಂದಿದ್ದಾರೆ. ಪ್ರೇಕ್ಷಕನಿಗೆ ನೋವಾಗಬಾರದೆಂಬ ಈ ದಾಕ್ಷಿಣ್ಯ ಕಲೆಗೆ ಮಾಡಿದ ದ್ರೋಹ.’ ಇನ್ನೊಬ್ಬರು, ‘ಕಣ್ಣಿಗೆ ಹಸಿವು ಕಾಣುತ್ತದೆ, ಮೂಗಿಗೆ ದೇವಸ್ಥಾನ’ ಎಂದು ಬರೆದಿದ್ದರು. ಮೂರನೆಯವರದು ಎದೆಗೆ ನಾಟಿತು. ‘ಈ ನಿರ್ದೇಶಕಿ ಎಂದಾದರೂ ಇಂಥ ಕೇರಿಗೆ ಕಾಲಿಟ್ಟಿದ್ದಾರೆಯೇ ಎಂಬ ಅನುಮಾನ ಮೂಡುತ್ತದೆ.’ ಓದುತ್ತಾ ಓದುತ್ತಾ ಇಸ್ತ್ರಿಪೆಟ್ಟಿಗೆಯನ್ನು ಯಾರದೋ ಪಂಚೆಯ ಮೇಲೇ ಬಿಟ್ಟಿದ್ದೆ. ಮಗಳ ಮೊದಲ ಚಿತ್ರವನ್ನು ಕೆಡಿಸಿದವಳು ನಾನೇ ಅನ್ನಿಸಿ ಮೈಯೆಲ್ಲ ಹಿಡಿಯಷ್ಟಾಯಿತು.

ಎರಡು ದಿನ ಬಿಟ್ಟು ಸೌಭಾಗ್ಯ ಗಾಡಿಯ ಹತ್ತಿರ ಬಂದಳು. ನಿದ್ದೆಗೆಟ್ಟ ಮುಖ.

“ವಾಮನಮೂರ್ತಿ ಸಾರ್ ಮನೆಗೆ ಹೋಗಿದ್ದೆ ಚಿಕ್ಕವ್ವ.”

“ಏನಂದ್ರು?”

“ಒಳ್ಳೇವ್ರೇ. ಕೂರಿಸಿ ಕಾಫಿ ಕೊಟ್ರು. ಅಡುಗೆಮನೆ ದೃಶ್ಯ ಒಂದನ್ನಾದ್ರೂ ಇದ್ದದ್ದು ಇದ್ದಂಗೆ ಇನ್ನೊಂದ್ಸಲ ತೆಗಿ, ಎಲ್ಲಾರ್ನೂ ನಾನೇ ಮತ್ತೆ ಕರ್ಕೊಂಡ್ ಬರ್ತೀನಿ, ಮತ್ತೆ ಬರೀತೀನಿ ಅಂದ್ರು. ಇಲ್ದಿದ್ರೆ ಟಾಕೀಸಿನೋರು ಶುಕ್ರವಾರ ಎತ್ತಂಗಡಿ ಮಾಡ್ತಾರೆ. ಆಮೇಲೆ ನಂಗ್ಯಾರು ಇನ್ನೊಂದು ಸಿನಿಮಾ ಕೊಡ್ತಾರೆ?”

“ತೆಗಿ ಮತ್ತೆ. ಅದಕ್ಯಾಕೆ ಮುಖ ಹಿಂಗ್ ಮಾಡ್ಕಂಡಿದೀಯ?”

ಅವಳು ಮಡಿಸಿಟ್ಟಿದ್ದ ಶರಟಿನ ಕಾಲರನ್ನು ಬೆರಳಿನಿಂದ ಸವರುತ್ತಾ ನಿಂತಳು. “ಈ ಸಲ ತೊಳಿಬ್ಯಾಡ ಚಿಕ್ಕವ್ವ” ಅಂದಳು.

“ಏನ?”

“ಏನೂ. ಸಾಂಬ್ರಾಣಿ ಬ್ಯಾಡ. ಮೋರಿ ಮ್ಯಾಲೆ ಚಪ್ಪಡಿ ಬ್ಯಾಡ. ದಿನಾ ಹೆಂಗಿರ್ತದೋ ಹಂಗೇ ಇರ್ಲಿ.”

ನನಗೆ ಚುರ್ರೆಂದಿತು. “ಅಂದ್ರೆ ನಮ್ಮನೆ ನಾತ ಹೊಡೀತದೆ ಅಂತಾನಾ?”

“ನಾನೆಲ್ಲಿ ಹಂಗಂದೆ? ಅವ್ರು...”

“ಅವ್ರೇನು ನಮ್ಮನೇಲಿ ಉಂಡು ಮಲಗಿದ್ರಾ? ಅಲ್ಲಿ ಬೆಳೆದೋಳು ನೀನು. ನೀನೇಳು. ನಾತ ಐತಾ?”

ಅವಳು ಹೊಂಗೆಮರದ ಕಡೆ ನೋಡಿದಳು. “ಇಲ್ಲ” ಅಂದಳು.

ಅವಳ ಬಾಯಿಂದ ಇಲ್ಲವೆಂದು ಬಂದಮೇಲೆ ನನಗಿನ್ನೇನು ಭಯ? ಆಗಲಿ, ಇದ್ದಂಗೇ ತೆಗಿ ಅಂದೆ. ಒಳಗೊಳಗೇ ನನ್ನದೇ ಒಂದು ಲೆಕ್ಕಾಚಾರವಿತ್ತು. ನಮ್ಮ ಮನೆಯ ವಾಸನೆಯೆಂದರೆ ಇನ್ನೇನು, ನನ್ನ ಗಂಡನ ಹುರುಳಿ ಬಸ್ಸಾರಿನ ವಾಸನೆ. ಹಮಾಲಿ ಮಾಡಿ ಮಾಡಿ ಮೊಣಕಾಲು ಹೋದಮೇಲೆ ನಿಂಗರಾಜ ಮನೆಯಲ್ಲೇ ಇರುತ್ತಾನೆ, ಅಡುಗೆಯೆಲ್ಲ ಅವನದೇ. ಅವನು ಬಸ್ಸಾರು ಮಾಡಿದ ದಿನ ಓಣಿಯ ಆ ತುದಿಯವರು ಕೂಡ ಬಟ್ಟಲು ಹಿಡಿದು ಬರುತ್ತಾರೆ. ಸುಳ್ಳು ಸಾಂಬ್ರಾಣಿ ಹಾಕಿದ್ದು ನಮ್ಮ ತಪ್ಪು, ಈ ಸಲ ನಿಜವನ್ನೇ ಮೂಸಿ ನೋಡಲಿ, ಬಾಯಲ್ಲಿ ನೀರೂರದಿದ್ದರೆ ನನ್ನ ಹೆಸರು ಜವರಮ್ಮನೇ ಅಲ್ಲ ಅಂದುಕೊಂಡೆ.

ನಿಂಗರಾಜನಿಗೆ ಹೇಳಿದಾಗ ಅವನಿಗೆ ಹಿಡಿಸಲಾರದಷ್ಟು ಹಿಗ್ಗು. ಟಾಕೀಸಿನ ಮೆಟ್ಟಿಲು ಹತ್ತಲಾಗದೆ ಮೊದಲ ಸಲ ಚಿತ್ರ ನೋಡದೆ ಉಳಿದವನು ಅವನು. ತಾನು ಪರದೆ ಮೇಲೆ ಬರದಿದ್ದರೇನಂತೆ, ತನ್ನ ಸಾರು ಬರುತ್ತದಲ್ಲ ಎಂದು ಕೇರಿಗೆಲ್ಲ ಹೇಳಿಕೊಂಡು ಬಂದ. ಹುರುಳಿಯನ್ನು ತಾನೇ ಆರಿಸಿದ. ಮೆಣಸಿನಕಾಯಿ ಹುರಿಯುವಾಗ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಶೂಟಿಂಗಿನ ದಿನ ಅವನು ಕ್ಯಾಮೆರಾದ ಹಿಂದೆ ಗೋಡೆಗೊರಗಿ ಕೂತಿದ್ದ. ನಾನು ಚಿತ್ರದ ಹೆಂಗಸಾಗಿ, ಹರಿದ ಸೀರೆಯುಟ್ಟು, ಕೆದರಿದ ತಲೆಯಲ್ಲಿ ಒಲೆಯ ಮುಂದೆ ಕೂತು ಮಡಕೆಯ ಮುಚ್ಚಳ ತೆಗೆದೆ. ಆ ಘಮಲು ಮುಖಕ್ಕೆ ಬಡಿಯಿತು ನೋಡಿ, ನಟನೆಯೆಲ್ಲ ಮರೆತುಹೋಯಿತು. ಕಣ್ಣು ಮುಚ್ಚಿ ಉಸಿರು ತುಂಬ ಎಳೆದುಕೊಂಡು “ಆಹಾ, ಏನ್ ಘಮ್ ಅಂತೈತೆ!” ಅಂದುಬಿಟ್ಟೆ. ಆ ಮಾತು ಸೌಭಾಗ್ಯ ಹೇಳಿಕೊಟ್ಟದ್ದಲ್ಲ. ಅವಳು ಅದನ್ನು ಹಾಗೇ ಉಳಿಸಿಕೊಂಡಳು.

ಗುರುವಾರ ಮಧ್ಯಾಹ್ನ ಮತ್ತೆ ಪ್ರದರ್ಶನ. ವಾಮನಮೂರ್ತಿಗಳು ಮಾತಿಗೆ ತಪ್ಪದೆ ಎಲ್ಲರನ್ನೂ ಕರೆತಂದಿದ್ದರು. ನಾನು ಮದುವೆಯ ರೇಷ್ಮೆ ಸೀರೆಯುಟ್ಟು, ತಲೆ ಬಾಚಿ, ಒಬ್ಬಳೇ ಹೋಗಿದ್ದೆ. ದೀಪ ಆರಿಸಿದ ಮೇಲೆ ಒಳಗೆ ಹೋದದ್ದರಿಂದ ಕೈಗೆ ಸಿಕ್ಕಿದ ಕುರ್ಚಿಯಲ್ಲಿ ಕೂತೆ. ಪಕ್ಕದಲ್ಲಿದ್ದವರು ಕೆಮ್ಮಿದಾಗ ಗೊತ್ತಾಯಿತು, ವಾಮನಮೂರ್ತಿಗಳೇ. ಎದ್ದುಹೋಗಲು ಸಂಕೋಚವಾಗಿ ಅಲ್ಲೇ ಮುದುಡಿಕೊಂಡೆ.

ಅಡುಗೆಮನೆಯ ದೃಶ್ಯ ಬಂದು, ಇನ್ನೇನು ಮಡಕೆಯ ಮುಚ್ಚಳ ತೆಗೆಯಬೇಕು ಅನ್ನುವಾಗ ಎಲ್ಲಿಂದಲೋ ಕೆಟ್ಟ ನಾತ ಬಂತು. ಟಾಕೀಸಿನ ಹಿಂದೆ ಮೋರಿ ಕಟ್ಟಿಕೊಂಡಿರಬೇಕು, ಇಂಥ ದಿನವಾದರೂ ನೋಡಿಕೊಳ್ಳಬಾರದೇ ಇವರು ಎಂದು ಬೈದುಕೊಂಡೆ. ಕೊಳೆತ ನೀರು, ಒದ್ದೆ ಗೋಣಿಚೀಲ, ಸೀಮೆಎಣ್ಣೆ, ವರ್ಷಗಟ್ಟಲೆ ಬಿಸಿಲು ಕಾಣದ ಹಾಸಿಗೆ, ಎಲ್ಲೋ ಸತ್ತು ಬಿದ್ದ ಇಲಿ, ಎಲ್ಲ ಸೇರಿದಂಥ ನಾತ. ಸೆರಗು ತಾನಾಗಿಯೇ ಮೂಗಿಗೆ ಹೋಯಿತು. ಸುತ್ತಲೂ ಎಲ್ಲರೂ ಕರವಸ್ತ್ರ ಹಿಡಿದಿದ್ದರು. ಆಗ ಪರದೆಯ ಮೇಲೆ ಮಡಕೆಯ ಮುಂದೆ ಕೂತ ನಾನು ಕಣ್ಣು ಮುಚ್ಚಿಕೊಂಡು “ಆಹಾ, ಏನ್ ಘಮ್ ಅಂತೈತೆ!” ಅಂದೆ.

ಆಗ ತಿಳಿಯಿತು. ಮೋರಿ ಟಾಕೀಸಿನದಲ್ಲ. ಅದು ನಮ್ಮ ಮನೆ. ನಾನು ಮದುವೆಯಾಗಿ ಬಂದು ಬಾಳಿದ, ಮಗಳನ್ನು ಸಾಕಿದ, ದಿನಾ ಸಂಜೆ ಹೋಗಿ ಅಪ್ಪಾ ಎಂದು ಕಾಲು ಚಾಚುವ ನನ್ನ ಮನೆ. ಸೆರಗು ತೆಗೆಯಬೇಕೆಂದುಕೊಂಡೆ, ದೇವರಾಣೆಗೂ ಆಗಲಿಲ್ಲ. ಆ ನಾತದೊಳಗೆ ಹುಡುಕಿ ಹುಡುಕಿ ನೋಡಿದರೆ ಎಲ್ಲೋ ಒಂದೆಳೆಯಷ್ಟು ಸಾರಿನ ಘಮವಿತ್ತು. ಬೇರೆ ಯಾರಿಗೂ ಅದು ಸಿಕ್ಕಿರಲಾರದು.

ವಾಮನಮೂರ್ತಿಗಳು ಅಳುತ್ತಿದ್ದರು. ನನ್ನ ಕಡೆ ಬಾಗಿ, ತಮ್ಮ ಜೋಡಿ ಕರವಸ್ತ್ರದಲ್ಲೊಂದನ್ನು ನನ್ನ ಕೈಗಿಟ್ಟು, “ತಡೆದುಕೊಳ್ಳಿ ತಾಯಿ, ಮುಖ ಮಾತ್ರ ತಿರುಗಿಸಬೇಡಿ. ನಮ್ಮಂಥವರು ಇದನ್ನು ಅನುಭವಿಸಲೇಬೇಕು” ಎಂದು ಪಿಸುಗುಟ್ಟಿದರು. ನಮ್ಮಂಥವರು ಅಂದರು. ನಾನು ಅಲ್ಲವೆನ್ನಲಿಲ್ಲ. ಹೂಂ ಎಂದು ತಲೆಯಾಡಿಸಿದೆ.

ಚಿತ್ರ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೋದ ವಾರ ಆಕಳಿಸಿದವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ವಾಮನಮೂರ್ತಿಗಳು ಸೌಭಾಗ್ಯಳ ಕೈಹಿಡಿದು ವೇದಿಕೆಗೆ ಕರೆದೊಯ್ದು, ನಮ್ಮ ಊರಿನ ಸಿನಿಮಾ ಇವತ್ತು ದೊಡ್ಡದಾಯಿತು, ಈ ಹುಡುಗಿಯ ಮುಂದೆ ನಾವೆಲ್ಲ ಚಿಕ್ಕವರು ಅಂದರು. ನಾಳಿನ ಪತ್ರಿಕೆಯಲ್ಲಿ ಹಿಂದಿನ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ ಅಂದರು. ಟಾಕೀಸಿನ ಮಾಲೀಕ ಅಲ್ಲಿಯೇ ನಿಂತು ಚಿತ್ರ ಮುಂದುವರಿಯುತ್ತದೆಂದು ಕೂಗಿ ಹೇಳಿದ. ನನ್ನ ಮಗಳು ಗೆದ್ದಿದ್ದಳು. ಆದರೆ ಅವಳು ಸಭೆಯೊಳಗೆ ಯಾರನ್ನೋ ಹುಡುಕುತ್ತಿದ್ದಳು. ಅವಳ ಕಣ್ಣು ನನ್ನ ಮೇಲೆ ಬಂದು ನಿಂತಾಗ ನನ್ನ ಸೆರಗು ಇನ್ನೂ ಮೂಗಿನ ಮೇಲೇ ಇತ್ತು.

“ಆ ತಾಯಿ ಬಂದಿದ್ದಾರೇನಮ್ಮ?” ಎಂದು ವಾಮನಮೂರ್ತಿಗಳು ಅವಳನ್ನು ಕೇಳಿದರು. “ಆ ಪಾತ್ರ ಮಾಡಿದ ಹೆಣ್ಣುಮಗಳು. ಅವರಿಗೆ ಎಲ್ಲರೂ ಕೈಮುಗಿಯಬೇಕು.”

ನಾನು ಕೂತಲ್ಲಿಂದಲೇ ಬೇಡವೆಂದು ತಲೆಯಾಡಿಸಿದೆ. ಸೌಭಾಗ್ಯ ನನ್ನನ್ನೇ ನೋಡುತ್ತಾ, “ಇಲ್ಲ ಸಾರ್. ಅವ್ರು ಬಂದಿಲ್ಲ” ಅಂದಳು. ಬಾರದ ಆ ಹೆಂಗಸಿಗಾಗಿ ಜನ ಮತ್ತೊಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದರು. ರೇಷ್ಮೆ ಸೀರೆಯುಟ್ಟು ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲವೆಂದು ನಾನೂ ತಟ್ಟಿದೆ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಮನೆಯ ಬಗ್ಗೆ ನಾಚಿಕೆ ಒಂದು ಕಡೆ. ಆ ಮನೆಯ ಮುಂದೆ ಮೂಗು ಮುಚ್ಚಿಕೊಂಡು, ಅವಳು ನಾನಲ್ಲ ಎಂದು ಕೂತೆನಲ್ಲ, ಅದರ ನಾಚಿಕೆ ಅದಕ್ಕಿಂತ ದೊಡ್ಡದು.

ಜನರ ನಡುವೆ ನುಸುಳಿಕೊಂಡು ಗೇಟಿನ ತನಕ ಬಂದಿದ್ದೆ, ಸೌಭಾಗ್ಯ ಓಡಿಬಂದು ತೋಳು ಹಿಡಿದಳು.

“ಚಿಕ್ಕವ್ವ, ತಪ್ಪಾಯ್ತು.”

“ನಿಂದೇನ್ ತಪ್ಪು? ಮುಚ್ಕಂಡೋಳು ನಾನು.”

“ನೀನು ಇವತ್ತು ಒಂದು ಗಳಿಗೆ ಮುಚ್ಕಂಡೆ” ಅಂದಳು. “ಹಾಸ್ಟೆಲಿಂದ ರಜಕ್ಕೆ ಮೊದಲನೇ ಸಲ ಬಂದಾಗ್ಲೇ ನಂಗೆ ಗೊತ್ತಾಯ್ತು. ಅವತ್ತಿಂದ ಮನೆಗೆ ಬಂದಾಗೆಲ್ಲ ಬಾಯಲ್ಲೇ ಉಸಿರಾಡ್ತೀನಿ. ಚಿಕ್ಕಪ್ಪ ಬಡಿಸೋವಾಗ ಉಸಿರು ಬಿಗಿ ಹಿಡ್ಕಂಡು ಉಣ್ತೀನಿ. ನೀನು ಸಾಂಬ್ರಾಣಿ ಹಾಕಿದ್ದೆ ನೋಡು, ಅವತ್ತೊಂದಿನ ನಮ್ಮನೇಲಿ ನೆಮ್ಮದಿಯಾಗಿ ಉಸಿರಾಡ್ದೆ. ಅದಕ್ಕೇ ಬ್ಯಾಡ ಅನ್ನಕ್ಕಾಗ್ಲಿಲ್ಲ. ಗಾಡಿ ಹತ್ರ ನೀನು ಕೇಳ್ದಾಗ್ಲೂ ಹೇಳಕ್ಕಾಗ್ಲಿಲ್ಲ.”

ನಾನು ಅವಳ ತಲೆ ಸವರಲು ಕೈಯೆತ್ತಿದೆ. ಎತ್ತಿದ ಕೈ ಅರ್ಧದಲ್ಲೇ ನಿಂತಿತು. ನನ್ನ ಕೈಗೂ ಆ ವಾಸನೆ ಇರಬಹುದಲ್ಲ ಅನ್ನುವ ಯೋಚನೆ ಹುಟ್ಟಿದ್ದೇ ಆಗ. ಅವಳೇ ಆ ಕೈಯನ್ನು ಹಿಡಿದುಕೊಂಡು ಕೆನ್ನೆಗೊತ್ತಿಕೊಂಡಳು. ಒಳಗಿನಿಂದ ಯಾರೋ ಅವಳ ಹೆಸರು ಹಿಡಿದು ಕೂಗಿದರು.

“ಹೋಗವ್ವ. ಇವತ್ತು ನಿನ್ ದಿನ, ಕಾಯ್ತಾವ್ರೆ” ಎಂದು ಕಳಿಸಿದೆ.

ನಾನು ಮನೆ ಸೇರುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿತ್ತು. ಓಣಿಯ ಬಾಯಲ್ಲಿ ನಿಂತು ಮೂಸಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಏನೂ ಗೊತ್ತಾಗಲಿಲ್ಲ. ಎಂದಿನ ಗಾಳಿಯೇ. ಗೊತ್ತಾಗದಿದ್ದದ್ದೇ ಆಗ ಹೆಚ್ಚು ಹೆದರಿಕೆ ಹುಟ್ಟಿಸಿತು. ನಿಂಗರಾಜ ಬಾಗಿಲಲ್ಲೇ ಕಾಲು ನೀಡಿಕೊಂಡು ಕಾಯುತ್ತಿದ್ದ. ನನ್ನ ಮುಖ ನೋಡುವ ಮುಂಚೆಯೇ ಮಾತು ತೆಗೆದ.

“ಏನಮ್ಮಿ, ಗೆದ್ಲಾ ನಮ್ ಮಗ್ಳು?”

“ಗೆದ್ಲು. ಎಲ್ಲಾರೂ ಎದ್ ನಿಂತ್ಕಂಡು ಚಪ್ಪಾಳೆ ಹೊಡೆದ್ರು.”

“ಅದಿರ್ಲಿ. ವಾಸ್ನೆ ಬಂತಾ?”

ನಾನು ಚಪ್ಪಲಿ ಬಿಡುವ ನೆಪದಲ್ಲಿ ತಲೆ ತಗ್ಗಿಸಿದೆ. “ಬಂತು.”

“ಮುಂದ್ಗಡೆ ಸಾಲ್ನೋರ್ಗೂ ಬಂತಾ? ದೊಡ್ಡ ದೊಡ್ಡ ಮನುಷ್ರಿಗೆಲ್ಲ?”

“ಎಲ್ಲಾರ್ಗೂ ಬಂತು.”

“ಏನ್ ಮಾಡಿದ್ರು ಹೇಳೆ ಮತ್ತೆ, ಹಂಗೇ ನಿಂತಿದೀಯಲ್ಲ.”

“ಕಣ್ಣಲ್ಲಿ ನೀರು ಬಂತು ಎಲ್ಲಾ‍ರ್ಗೂ” ಅಂದೆ. “ಕರವಸ್ತ್ರ ಹಿಡ್ಕಂಡು ಒರೆಸ್ಕಂಡ್ರು.”

ನಿಂಗರಾಜ ತೊಡೆ ತಟ್ಟಿಕೊಂಡು ನಕ್ಕ. ಅಷ್ಟು ಸಂತೋಷವಾಗಿ ಅವನು ನಕ್ಕದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು. “ನಂಗೊತ್ತಿತ್ತು ಕಣಮ್ಮಿ” ಅಂದ. “ಆವತ್ತು ಮೆಣಸಿನಕಾಯಿ ಒಂಚೂರು ಜಾಸ್ತಿ ಬಿದ್ದಿತ್ತು. ಮೇಲಿನ ಬಡಾವಣೆಯೋರು, ಪಾಪ, ಅಷ್ಟು ಖಾರ ತಡೀತಾರಾ?”

“ಇಲ್ಲ” ಅಂದೆ. “ಅವ್ರಿಗೆ ತಡೆಯಕ್ಕಾಗ್ಲಿಲ್ಲ.”